ಒಂದು ಅಗುಳಿನ ಓದು

'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎನ್ನುತ್ತಾರೆ ನಮ್ಮ ಹಿರಿಯರು. ಆ ಒಕ್ಕಾಲನ್ನು ಅಳೆದು ಅಂಕ ಕೊಡುವ ಪರೀಕ್ಷೆಯೊಂದು ಅಮೆರಿಕದಲ್ಲಿದೆ. ಹೆಸರು ಎಸ್.ಎ.ಟಿ.; 1926ರಲ್ಲಿ ಶುರುವಾದದ್ದು. ಕಾಲೇಜು ಸೇರಬಯಸುವ ಮಕ್ಕಳು ಬರೆಯುತ್ತಾರೆ. ಅಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳಲ್ಲಿ ಇದರ ಮಾತು, ಇಲ್ಲಿ ಪಿ.ಯು.ಸಿ. ಮಾತಿದ್ದ ಹಾಗೆ. ನನ್ನ ತಂಗಿಯ ಮಗಳು ರಜೆಗೆ ಬಂದಾಗ ತಯಾರಿಯ ಪುಸ್ತಕವನ್ನೂ ಹೊತ್ತು ತಂದಿದ್ದಳು. ಇಂಗ್ಲಿಷ್ ಪಾಠ ಹೇಳುವವಳಾದ ನಾನು ಸುಮ್ಮನಿರಲಾರದೆ ಅದನ್ನು ಓದಿದೆ.

ಮೊದಲು ಮೆಚ್ಚಬೇಕಾದ್ದನ್ನು ಹೇಳಿಬಿಡುತ್ತೇನೆ. ಗದ್ಯಭಾಗದ ಕೆಳಗೆ ಪ್ರಶ್ನೆ, ನಾಲ್ಕು ಉತ್ತರ. ತಪ್ಪು ಉತ್ತರಗಳನ್ನು ಹೆಣೆದಿರುವ ಜಾಣತನ ನೋಡಬೇಕು. ಒಂದು, ಲೋಕದಲ್ಲಿ ನಿಜವಾದ ಮಾತೇ, ಆದರೆ ಗದ್ಯದಲ್ಲಿ ಇಲ್ಲ. ಇನ್ನೊಂದು ಮುಕ್ಕಾಲು ಸರಿ, ಬಾಲದಲ್ಲಿ ತಪ್ಪು. ಮತ್ತೊಂದು, 'ಕೆಲವರು' ಎಂದದ್ದನ್ನು 'ಎಲ್ಲರೂ' ಎಂದು ಹಿಗ್ಗಿಸಿದ್ದು. ಮೊರದಲ್ಲಿ ಅಕ್ಕಿಯ ಬಣ್ಣದ ಕಲ್ಲನ್ನೇ ಬೆರೆಸಿಟ್ಟ ಹಾಗೆ! ಇದನ್ನು ಆರಿಸಲು ಕಲಿತವರು ಬರೆದದ್ದನ್ನು ಬರೆದ ಹಾಗೇ ಓದುತ್ತಾರೆ. ನಮ್ಮಲ್ಲಿ ಈ ಗುಣ ಕಡಿಮೆ. ತಾಯಿಯೊಬ್ಬಳು ಸಿಡುಕಿ ಎಂದು ಗದ್ಯದಲ್ಲಿ ಸ್ಪಷ್ಟವಾಗಿ ಇದ್ದರೂ, 'ತಾಯಿ ಮಮತೆಯ ಕಡಲು' ಎಂದು ಉತ್ತರ ಬರೆಯುವ ಮಕ್ಕಳನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ಮಕ್ಕಳೇಕೆ, ಚೀಟಿಯ ಕರಾರು, ಸಾಲದ ಕಾಗದಗಳಿಗೆ ರುಜು ಹಾಕುವ ನಾವೂ ಅಲ್ಲಿರುವುದನ್ನು ಬಿಟ್ಟು ನಮಗೆ ಬೇಕಾದ್ದನ್ನೇ ಓದಿಕೊಳ್ಳುವುದಿಲ್ಲವೇ?

ನನ್ನ ತಕರಾರು ಬೇರೆ. 2016ರ ಮಾದರಿಯಲ್ಲಿ 500ರಿಂದ 750 ಪದಗಳ ಭಾಗಗಳಿದ್ದವು. ಉತ್ತರ ಆರಿಸಿದ ಮೇಲೆ, ಅದಕ್ಕೆ ಆಧಾರ ಯಾವ ಸಾಲಿನಲ್ಲಿದೆ ಎಂದೂ ಕೇಳುತ್ತಿದ್ದರು. ಮೇಷ್ಟರು ಕೇಳಬೇಕಾದ ಪ್ರಶ್ನೆ ಅದು. ಪರೀಕ್ಷೆ ಕಂಪ್ಯೂಟರಿಗೆ ಬಂದದ್ದು ಹೊರದೇಶಗಳಲ್ಲಿ 2023ರಲ್ಲಿ, ಅಮೆರಿಕದಲ್ಲಿ 2024ರಲ್ಲಿ. ಅಂದಿನಿಂದ ಒಂದೊಂದು ಭಾಗ ಬರೀ 25ರಿಂದ 150 ಪದ, ಅದಕ್ಕೊಂದೇ ಪ್ರಶ್ನೆ. ಓದು, ಬರಹ ಎರಡೂ ಸೇರಿ 54 ಪ್ರಶ್ನೆ, 64 ನಿಮಿಷ. ಕಪ್ಪೆಚಿಪ್ಪಿನ ವಿಜ್ಞಾನ ಮುಗಿಯುವುದರೊಳಗೆ ಕವಿತೆಯ ತುಣುಕು, ಅದರ ಬೆನ್ನಿಗೇ ಇತಿಹಾಸ.

ಇದಕ್ಕೂ ಸಮರ್ಥನೆ ಇದೆ. ಉದ್ದ ಗದ್ಯ ಕಂಡರೆ ಬೆದರುವ, ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿಗೆ ಚಿಕ್ಕದು ಹಿತ. ಒಂದು ಭಾಗ ಅರ್ಥವಾಗದಿದ್ದರೆ ಹೋಗುವುದು ಒಂದೇ ಪ್ರಶ್ನೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲವೇ ಎಂದು ಕೇಳಬಹುದು. ಸಾಕು. ಆದರೆ ಒಂದು ಅಗುಳಿನಿಂದ ಹೊಟ್ಟೆ ತುಂಬುವುದಿಲ್ಲ. ಪರೀಕ್ಷೆ ಹೇಗೋ ಹಾಗೇ ತಯಾರಿ ಎಂದುಕೊಂಡ ಮಕ್ಕಳು ತಿಂಗಳುಗಟ್ಟಲೆ ಅಗುಳನ್ನೇ ಉಣ್ಣುತ್ತಾರೆ. ಮೊದಲು ಪ್ರಶ್ನೆ ನೋಡು, ಆಮೇಲೆ ಗದ್ಯಕ್ಕೆ ಕಣ್ಣು ಹಾಯಿಸು ಎಂದು ತರಬೇತಿಯವರು ಬೇರೆ ಕಲಿಸುತ್ತಾರೆ. ಹತ್ತು ವರ್ಷಕ್ಕೇ ದಪ್ಪ ದಪ್ಪ ಕಾದಂಬರಿ ಮುಗಿಸುತ್ತಿದ್ದ ನಮ್ಮ ಹುಡುಗಿ, ನಾನು ಕೊಟ್ಟ ಕಥೆಯ ಮೂರನೆಯ ಪುಟಕ್ಕೇ ನಿಂತು, "ದೊಡ್ಡಮ್ಮಾ, ಇದರ ಮುಖ್ಯಾಂಶ ಏನು?" ಎಂದಳು. ಕಥೆಯೊಳಗಿನ ಮುದುಕಿ ಇನ್ನೂ ಬಾಗಿಲನ್ನೇ ತೆರೆದಿರಲಿಲ್ಲ! ನನಗೆ ಅಂಕದ ಚಿಂತೆಯಿಲ್ಲ, ಅದು ಬರುತ್ತದೆ. ಕಾಯುವ ಓದು ಹೋದರೆ ಅದನ್ನು ಯಾವ ಕಾಲೇಜು ಮರಳಿ ಕೊಡುತ್ತದೆ?

ಹಾಗಾದರೆ ತಯಾರಿ ಹೇಗೆ? ನಾನು ಅವಳಿಗೆ ಹೇಳಿದ್ದಿಷ್ಟು. ದಿನಕ್ಕೆ ಅರ್ಧ ಗಂಟೆ ಉದ್ದದ ಬರಹವನ್ನು ಪೂರ್ತಿ ಓದು. ಒಂದೊಂದು ಪ್ಯಾರಾ ಆದ ಮೇಲೆ ಪುಸ್ತಕ ಮುಚ್ಚಿ, ಅದು ಹೇಳಿದ್ದನ್ನು ಒಂದು ಸಾಲಿನಲ್ಲಿ ನಿನ್ನ ಮಾತಲ್ಲೇ ಹೇಳಿಕೋ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆಯುವ ಮೊದಲು ಅಕ್ಕಪಕ್ಕದ ಮಾತು ಕೇಳಿ ಅರ್ಥ ಊಹಿಸು. ಮಾದರಿ ಪ್ರಶ್ನೆ ಬಿಡಿಸುವಾಗ ನಾಲ್ಕು ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನಿನ್ನ ಉತ್ತರ ಕಂಡುಕೋ. ಆಮೇಲೆ ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡು. ಈಗ ಅವರು ಕೇಳದಿದ್ದರೂ ನೀನು ಕೇಳಿಕೋ. ಗಡಿಯಾರ ಇಟ್ಟುಕೊಳ್ಳುವುದು ಕೊನೆಯ ಕೆಲವು ವಾರಗಳಿಗೆ ಸಾಕು.

ಇದರಲ್ಲಿ ಹೊಸದೇನೂ ಇಲ್ಲ, ನಮ್ಮ ಹಳೆಯ ಮೇಷ್ಟರುಗಳು ಕಲಿಸಿದ್ದೇ. ಪರೀಕ್ಷೆ ಮಾಡುವವರು ಅಗುಳು ಹಿಚುಕಿ ನೋಡಲಿ, ಅದು ಅವರ ಕೆಲಸ. ಮಕ್ಕಳಿಗೆ ಎಲೆ ತುಂಬ ಬಡಿಸುವುದು ಮನೆಯವರ, ಮೇಷ್ಟರ ಕೆಲಸ.