ಕಾರ್ಯಫಲಕಗಳಲ್ಲಿ ‘ಮುಗಿಯಿತು’ ಎಂಬ ಪದದ ಅರ್ಥವಿಚಾರ

ಅನೇಕರು ಕೂಡಿ ಮಾಡತಕ್ಕ ಕೆಲಸವನ್ನು ಅಂತರ್ಜಾಲದಲ್ಲಿರುವ ಒಂದು ಫಲಕದ ಮೇಲೆ ಬರೆದಿಟ್ಟು, ಯಾರು ಯಾವುದನ್ನು ಯಾವ ದಿನದೊಳಗೆ ಮಾಡಬೇಕೆಂಬುದನ್ನು ಆ ಫಲಕದಿಂದಲೇ ನಿರ್ವಹಿಸುವ ಪದ್ಧತಿಯು ಈಗ ವ್ಯಾಪಾರದ ಕಛೇರಿಗಳ ಎಲ್ಲೆಯನ್ನು ದಾಟಿ ಗ್ರಂಥಸಂಪಾದನೆ, ನಿಘಂಟುರಚನೆ ಮೊದಲಾದ ವಿದ್ವತ್ಕಾರ್ಯಗಳಿಗೂ ಒದಗತೊಡಗಿದೆ. ಇದಕ್ಕೆ ಸಾಧನಗಳಾದ ತಂತ್ರಾಂಶಗಳು ಹಲವು. ಆಸ್ಟ್ರೇಲಿಯಾದ ಅಟ್ಲಾಸಿಯನ್ ಸಂಸ್ಥೆಯ ಜೀರಾ 2002ರಲ್ಲಿಯೂ, ಅಮೆರಿಕದ ಬೇಸ್‌ಕ್ಯಾಂಪ್ 2004ರಲ್ಲಿಯೂ, ನ್ಯೂಯಾರ್ಕಿನ ಫಾಗ್ ಕ್ರೀಕ್ ಸಂಸ್ಥೆಯ ಟ್ರೆಲ್ಲೊ 2011ರಲ್ಲಿಯೂ ಹೊರಬಂದವು; ಟ್ರೆಲ್ಲೊ 2017ರಲ್ಲಿ ಅಟ್ಲಾಸಿಯನ್ನಿನ ಕೈಸೇರಿತು. 2008ರಲ್ಲಿ ಸ್ಥಾಪಿತವಾದ ಅಸಾನ ಸಂಸ್ಥೆಯು ತನ್ನ ಹೆಸರನ್ನೇ ಯೋಗಶಾಸ್ತ್ರದ ‘ಆಸನ’ ಶಬ್ದದಿಂದ ತೆಗೆದುಕೊಂಡಿದೆ. ಇವುಗಳ ಬೆಲೆ, ವೇಗ, ಅಂದಚೆಂದಗಳು ಇಲ್ಲಿ ವಿಚಾರಕ್ಕೆ ವಿಷಯವಲ್ಲ. ಫಲಕದ ಮೇಲಿನ ಕಾರ್ಡು ಒಂದು ಬರಹ. ಅದು ‘ಇದನ್ನು ಮಾಡತಕ್ಕದ್ದು’ ಎಂದು ಒಬ್ಬನಿಗೆ ವಿಧಿಸುವ ಬರಹ. ವಿಧಿವಾಕ್ಯಗಳ ಅರ್ಥವನ್ನು ನಿಷ್ಕರ್ಷಿಸುವ ಶಾಸ್ತ್ರವು ಈ ದೇಶದಲ್ಲಿ ಬಹುಕಾಲದಿಂದ ಬೆಳೆದು ಬಂದಿರುವುದರಿಂದ, ಆ ಶಾಸ್ತ್ರದ ಒರೆಗಲ್ಲಿನ ಮೇಲೆ ಈ ಕಾರ್ಡನ್ನು ತಿಕ್ಕಿ ನೋಡುವುದು ಯುಕ್ತವಾಗಿದೆ.

ಟ್ರೆಲ್ಲೊವಿನ ರಚನೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಅದರಲ್ಲಿ ಒಂದು ಫಲಕ, ಫಲಕದ ಮೇಲೆ ನಿಲುವಾದ ಪಟ್ಟಿಗಳು, ಪಟ್ಟಿಗಳೊಳಗೆ ಕಾರ್ಡುಗಳು. ಪಟ್ಟಿಗಳಿಗೆ ಸಾಮಾನ್ಯವಾಗಿ ‘ಮಾಡಬೇಕಾದದ್ದು’, ‘ಮಾಡುತ್ತಿರುವುದು’, ‘ಮುಗಿದದ್ದು’ ಎಂಬ ಅರ್ಥದ ಹೆಸರುಗಳನ್ನು ಕೊಡುವರು. ಒಂದೊಂದು ಕಾರ್ಡೂ ಒಂದೊಂದು ಕೆಲಸ. ಕಾರ್ಡಿಗೆ ತಲೆಬರಹ, ಮಾಡುವವರ ಗುರುತು, ಗಡುವಿನ ದಿನ, ಒಳಗೆಲಸಗಳ ಪಟ್ಟಿ, ಟಿಪ್ಪಣಿ ಇವನ್ನು ಸೇರಿಸಬಹುದು. ಕೆಲಸವು ಮುಂದುವರಿದಂತೆ ಕಾರ್ಡನ್ನು ಎಡದ ಪಟ್ಟಿಯಿಂದ ಬಲದ ಪಟ್ಟಿಗೆ ಸರಿಸುವರು. ಕಡೆಯ ಪಟ್ಟಿಯನ್ನು ಅದು ಸೇರಿದೊಡನೆ ಕೆಲಸ ಮುಗಿಯಿತೆಂದು ಎಲ್ಲರೂ ತಿಳಿಯುವರು. ಸಂಶಯವು ಇಲ್ಲಿಯೇ ಏಳುವುದು. ಕಾರ್ಡಿನ ಚಲನೆಯು ಕಾರ್ಯಸಿದ್ಧಿಗೆ ಪ್ರಮಾಣವಾಗುವುದೆ? ಅಥವಾ ಅದು ಮಾಡಿದವನ ಹೇಳಿಕೆ ಮಾತ್ರವೆ?

ಫಲಕದ ಪಕ್ಷವನ್ನು ಹಿಡಿದವರು ಹೀಗೆ ಹೇಳುವರು: ಮನುಷ್ಯನ ನೆನಪು ದುರ್ಬಲ. ಪತ್ರವ್ಯವಹಾರದಲ್ಲಿ ಹಂಚಿಹೋದ ಮಾತು ಬೇಕಾದಾಗ ಸಿಕ್ಕುವುದಿಲ್ಲ. ಮೈಸೂರಿನಲ್ಲಿ ಒಬ್ಬ, ಧಾರವಾಡದಲ್ಲಿ ಒಬ್ಬ, ಕಡಲಾಚೆ ಮತ್ತೊಬ್ಬ ಇದ್ದು ಒಂದು ಕೆಲಸವನ್ನು ಸಾಗಿಸುವಾಗ ಎಲ್ಲರ ಕಣ್ಣಿಗೂ ಒಂದೇ ಚಿತ್ರ ಕಾಣುವುದು ದೊಡ್ಡ ಲಾಭ. ಯಾವ ಕಾರ್ಡನ್ನು ಯಾರು ಯಾವಾಗ ಸರಿಸಿದರೆಂಬುದು ತಾನಾಗಿ ದಾಖಲಾಗುವುದರಿಂದ ಮರೆಮಾಚುವುದಕ್ಕೆ ಅವಕಾಶವಿಲ್ಲ ಎಂದು. ಇದೆಲ್ಲವೂ ನಿಜವೇ. ಕೆಲಸವು ಎಲ್ಲಿ ನಿಂತಿದೆಯೆಂದು ತಿಳಿಯದೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದ ಸಾಮೂಹಿಕ ಗ್ರಂಥಕಾರ್ಯಗಳನ್ನು ಬಲ್ಲವರು ಈ ಪ್ರಯೋಜನವನ್ನು ಹಗುರಾಗಿ ಕಾಣಲಾರರು. ಆದರೆ ಇದರಿಂದ ಸಿದ್ಧವಾಗುವುದು ಕಾರ್ಡು ಸರಿಯಿತೆಂಬುದು ಮಾತ್ರ. ಕೆಲಸ ಸಿದ್ಧಿಸಿತೆಂಬುದು ಅದರಿಂದ ಸಿದ್ಧವಾಗದು. ಎರಡಕ್ಕೂ ಇರುವ ಅಂತರವನ್ನು ಕ್ರಮವಾಗಿ ನೋಡಬೇಕು.

ಮೊದಲನೆಯದಾಗಿ ವಿಧಿಯ ಪೂರ್ಣತೆ. ವಿಧಿಯನ್ನು ಕೇಳಿದವನಲ್ಲಿ ಮೂರು ಆಕಾಂಕ್ಷೆಗಳು ಹುಟ್ಟುವುವೆಂದು ಮೀಮಾಂಸಕರು ಹೇಳುತ್ತಾರೆ: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು ಎಂದು. ಇವುಗಳಿಗೆ ಉತ್ತರವಾದ ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂಬ ಮೂರು ಅಂಶಗಳೂ ಕೂಡಿದಲ್ಲದೆ ವಿಧಿಯು ಪುರುಷನನ್ನು ಪ್ರವೃತ್ತಿಗೊಳಿಸಲಾರದು. ಐವರು ವಿದ್ವಾಂಸರು ಸೇರಿ ಒಂದು ಹಳಗನ್ನಡ ಕಾವ್ಯವನ್ನು ಸಂಪಾದಿಸುತ್ತಿರುವರೆಂದೂ, ಅವರ ಫಲಕದಲ್ಲಿ ‘ಶಬ್ದಕೋಶ’ ಎಂದು ಒಂದು ಕಾರ್ಡು ಇರುವುದೆಂದೂ ಭಾವಿಸಬಹುದು. ಅದು ನಾಮಪದ, ಅದರಲ್ಲಿ ಕ್ರಿಯೆಯೇ ಇಲ್ಲ. ಕಾವ್ಯದ ಎಲ್ಲ ಪದಗಳನ್ನೂ ಎತ್ತಬೇಕೆ, ಕಠಿನಪದಗಳನ್ನು ಮಾತ್ರವೆ? ಅರ್ಥವನ್ನು ಯಾವ ನಿಘಂಟಿನ ಆಧಾರದಿಂದ ನಿರ್ಣಯಿಸಬೇಕು? ಪದ್ಯಸಂಖ್ಯೆಯನ್ನು ಕೊಡಬೇಕೆ, ಬೇಡವೆ? ಒಬ್ಬನು ಇನ್ನೂರು ಪದಗಳನ್ನು ಬರೆದು ಕಾರ್ಡನ್ನು ಕಡೆಯ ಪಟ್ಟಿಗೆ ಸರಿಸಿದರೆ ಅವನು ಸುಳ್ಳು ಹೇಳಿದನೆನ್ನುವಂತಿಲ್ಲ. ಎರಡು ಸಾವಿರ ಪದಗಳನ್ನು ನಿರೀಕ್ಷಿಸಿದ ಇನ್ನೊಬ್ಬನ ದೃಷ್ಟಿಯಲ್ಲಿ ಕೆಲಸವು ಆರಂಭವೂ ಆಗಿಲ್ಲ. ಇತಿಕರ್ತವ್ಯತೆಯನ್ನು ಬರೆಯುವುದಕ್ಕೆ ಕಾರ್ಡಿನ ಒಳಗೆ ಸ್ಥಳವಿದ್ದೇ ಇದೆ. ಆದರೆ ತಲೆಬರಹವನ್ನಿತ್ತ ಮಾತ್ರಕ್ಕೆ ಕಾರ್ಡು ಸಿದ್ಧವಾಗುವುದರಿಂದ, ಉಳಿದದ್ದನ್ನು ತುಂಬುವ ಶ್ರಮವನ್ನು ಬಹುಮಂದಿ ವಹಿಸುವುದಿಲ್ಲ. ಸೌಲಭ್ಯವೇ ಇಲ್ಲಿ ದೋಷಕ್ಕೆ ಕಾರಣವಾಗಿದೆ.

ಎರಡನೆಯದು ಕ್ರಮ. ಜೈಮಿನಿಯ ಸೂತ್ರಗಳ ಐದನೆಯ ಅಧ್ಯಾಯವು ಕ್ರಮವಿಚಾರಕ್ಕೇ ಮೀಸಲಾಗಿದೆ. ಅಲ್ಲಿ ಪಾಠಕ್ರಮಕ್ಕಿಂತ ಅರ್ಥಕ್ರಮವು ಬಲವತ್ತರವೆಂದು ನಿರ್ಣಯ. ಅಗ್ನಿಹೋತ್ರಪ್ರಕರಣದಲ್ಲಿ ಹೋಮವು ಮೊದಲು ಪಠಿತವಾಗಿ, ಗಂಜಿಯನ್ನು ಬೇಯಿಸುವುದು ಆಮೇಲೆ ಪಠಿತವಾಗಿದೆ. ಆದರೂ ಬೇಯಿಸದ ಗಂಜಿಯನ್ನು ಹೋಮಮಾಡಲಾಗದಾದ್ದರಿಂದ ಪಾಕವೇ ಮೊದಲಾಗುವುದು. ಫಲಕದಲ್ಲಿ ಕಾರ್ಡುಗಳು ಮೇಲಿನಿಂದ ಕೆಳಕ್ಕೆ ಜೋಡಿಸಿಕೊಂಡಿರುವುದು ಪಾಠಕ್ರಮ. ‘ಪಾಠಾಂತರಗಳು ನಿರ್ಣಯವಾಗುವವರೆಗೆ ಪದ್ಯಾನುಕ್ರಮಣಿಕೆ ಕೂಡದು’ ಎಂಬುದು ಅರ್ಥಕ್ರಮ. ಅಸಾನ, ಜೀರಾಗಳಲ್ಲಿ ಒಂದು ಕೆಲಸವು ಮತ್ತೊಂದನ್ನು ಕಾದಿದೆಯೆಂದು ಗುರುತಿಸುವ ಏರ್ಪಾಡು ಉಂಟು; ಟ್ರೆಲ್ಲೊವಿನ ಸರಳರೂಪದಲ್ಲಿ ಅದನ್ನು ಬಳಸುವವರೇ ನೆನಪಿನಲ್ಲಿಡಬೇಕು. ನೆನಪಿನ ದೌರ್ಬಲ್ಯಕ್ಕೆಂದು ಬಂದ ಸಾಧನವು ಅತ್ಯಂತ ಮುಖ್ಯವಾದ ಅಂಶವನ್ನು ಮತ್ತೆ ನೆನಪಿಗೇ ಬಿಡುವುದು ನ್ಯೂನತೆಯೇ ಸರಿ.

ಮೂರನೆಯದು ಕರ್ತೃ. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃವೆಂದೂ, ಅವನನ್ನು ಪ್ರೇರಿಸುವವನು ಹೇತುವೆನಿಸಿಕೊಂಡು ತಾನೂ ಕರ್ತೃವಾಗುವನೆಂದೂ ಪಾಣಿನಿಯ ಮತ. ಟ್ರೆಲ್ಲೊವಿನಲ್ಲಿ ಒಂದು ಕಾರ್ಡಿಗೆ ಹಲವರ ಗುರುತನ್ನು ಹಾಕಬಹುದು. ಹಲವರ ಪಾಲಿನ ಕೆಲಸವು ಯಾರ ಪಾಲಿನದೂ ಆಗದೆ ಹೋಗುವುದು ಲೋಕಾನುಭವ. ಅಸಾನವು ಇದನ್ನು ಮನಗಂಡು ಒಂದು ಕೆಲಸಕ್ಕೆ ಒಬ್ಬನನ್ನೇ ಹೊಣೆಮಾಡುತ್ತದೆ. ಈ ಅಂಶದಲ್ಲಿ ಅದರ ರಚನೆ ಶ್ಲಾಘ್ಯ. ಆದರೆ ಎರಡರಲ್ಲಿಯೂ ಪ್ರಯೋಜಕಕರ್ತೃವು ಹಿಂದೆ ಸರಿಯುತ್ತಾನೆ. ಕಾರ್ಡಿನ ಮುಖದಲ್ಲಿ ಕಾಣುವುದು ಮಾಡಬೇಕಾದವನ ಗುರುತು. ಅರ್ಧಂಬರ್ಧ ವಿಧಿಯನ್ನು ಬರೆದು ಅವನ ಹೆಸರಿಗೆ ಹಚ್ಚಿದವನ ಹೆಸರನ್ನು ದಾಖಲೆಯಲ್ಲಿ ಹುಡುಕಬೇಕು. ಗಡುವು ಮೀರಿದಾಗ ಕೆಂಪಾಗುವುದು ಮೊದಲನೆಯವನ ಕಾರ್ಡು.

ಈ ಮೂರು ದೋಷಗಳೂ ಕೂಡಿ ಕಡೆಯ ಪಟ್ಟಿಯಲ್ಲಿ ಫಲಿಸುತ್ತವೆ. ಏನು, ಹೇಗೆ, ಯಾವುದಾದ ಮೇಲೆ, ಯಾರ ಹೊಣೆ ಎಂಬುದು ಸ್ಪಷ್ಟವಾಗದ ಕೆಲಸವನ್ನು ‘ಮುಗಿಯಿತು’ ಎಂದು ಹೇಳುವವನು ಅದನ್ನು ಮಾಡಿದವನೇ. ಈ ಪದ್ಧತಿಯ ಮೂಲವನ್ನು ನೋಡಿದರೆ ಇದು ವಿಚಿತ್ರವೆನಿಸುವುದು. ಪಟ್ಟಿ ಮತ್ತು ಕಾರ್ಡುಗಳ ಈ ಕ್ರಮಕ್ಕೆ ಪ್ರೇರಣೆ ಜಪಾನಿನ ಟೊಯೋಟ ಕಾರ್ಖಾನೆಯಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತಾಯಿಚಿ ಓನೊ ಎಂಬ ಯಂತ್ರಶಿಲ್ಪಿ ಬೆಳೆಸಿದ ಕಾನ್‌ಬಾನ್ ಪದ್ಧತಿ. ಆ ಜಪಾನೀ ಪದಕ್ಕೆ ಫಲಕವೆಂದೇ ಅರ್ಥ. ಅಲ್ಲಿ ಚೀಟಿಯು ಬಿಡಿಭಾಗಗಳ ಪೆಟ್ಟಿಗೆಯೊಡನೆಯೇ ಸಂಚರಿಸುತ್ತಿತ್ತು. ಮುಂದಿನ ಹಂತದವನು ಭಾಗಗಳನ್ನು ತೆಗೆದುಕೊಂಡ ಮೇಲೆ ಚೀಟಿ ಹಿಂದಿನ ಹಂತಕ್ಕೆ ಮರಳಿ, ಅಷ್ಟನ್ನೇ ಮತ್ತೆ ಮಾಡೆಂದು ತಿಳಿಸುತ್ತಿತ್ತು. ಕೆಟ್ಟ ಭಾಗವನ್ನು ಮುಂದಿನವನಿಗೆ ಕಳುಹಿಸಕೂಡದೆಂಬುದು ನಿಯಮ. ಎಂದರೆ ಚೀಟಿಯನ್ನು ಚಲಿಸುವಂತೆ ಮಾಡುತ್ತಿದ್ದುದು ಪಡೆಯುವವನ ಅಂಗೀಕಾರ, ಮಾಡುವವನ ಹೇಳಿಕೆಯಲ್ಲ. ಅಂತರ್ಜಾಲದ ಫಲಕವು ಚೀಟಿಯನ್ನು ಉಳಿಸಿಕೊಂಡು ಪೆಟ್ಟಿಗೆಯನ್ನು ಬಿಟ್ಟಿತು. ವಸ್ತುವಿನಿಂದ ಬೇರ್ಪಟ್ಟ ಚೀಟಿಯು ಬರಿಯ ಶಬ್ದವಾಯಿತು. ಚೀಟಿಗಳ ಸಂಖ್ಯೆಯನ್ನು ಮಿತಗೊಳಿಸಿ ಕೆಲಸವು ರಾಶಿಬೀಳದಂತೆ ತಡೆಯುವ ಮೂಲನಿಯಮವೂ ಹೀಗೆಯೇ ಸಡಿಲಾಯಿತು: ಜೀರಾದಲ್ಲಿ ಪಟ್ಟಿಗೆ ಮಿತಿಯನ್ನು ವಿಧಿಸಬಹುದಾದರೂ, ಮಿತಿ ಮೀರಿದಾಗ ಪಟ್ಟಿ ಕೆಂಪಾಗುವುದೇ ಹೊರತು ಮೀರುವವನನ್ನು ಅದು ತಡೆಯುವುದಿಲ್ಲ.

ಕಾರ್ಖಾನೆಯ ನಿಯಮವು ವಿದ್ವತ್ಕಾರ್ಯಕ್ಕೆ ಹೊಂದದೆಂದು ಆಕ್ಷೇಪಿಸುವವರು ತಂತ್ರಾಂಶಗಳಿಲ್ಲದ ಕಾಲದ ಒಂದು ದೊಡ್ಡ ಸಾಮೂಹಿಕ ಸಂಪಾದನೆಯನ್ನು ನೋಡಬಹುದು. ಪುಣೆಯ ಭಾಂಡಾರಕರ ಪ್ರಾಚ್ಯ ಸಂಶೋಧನ ಮಂದಿರದಲ್ಲಿ 1919ರಲ್ಲಿ ಆರಂಭವಾದ ಮಹಾಭಾರತದ ಶೋಧಿತ ಸಂಸ್ಕರಣವು 1966ರಲ್ಲಿ ಮುಗಿಯಿತು. 1925ರಿಂದ 1943ರವರೆಗೆ ಅದರ ಪ್ರಧಾನ ಸಂಪಾದಕರಾಗಿದ್ದವರು ವಿ. ಎಸ್. ಸುಕ್ಥಣಕರರು. ಹಾಳೆಯನ್ನು ಚೌಕಗಳಾಗಿ ಗೆರೆಹಾಕಿ, ಶ್ಲೋಕದ ಒಂದೊಂದು ಅಕ್ಷರವನ್ನು ಒಂದೊಂದು ಚೌಕದಲ್ಲಿ ಬರೆದು, ಒಂದೊಂದು ಹಸ್ತಪ್ರತಿಯ ಭೇದವನ್ನು ಅದದರ ಕೆಳಗೆ ಗುರುತಿಸುತ್ತಿದ್ದರು. ಈ ಕೆಲಸವು ಪುಣೆಯಲ್ಲಿ ಮಾತ್ರವಲ್ಲದೆ ತಂಜಾವೂರು, ಶಾಂತಿನಿಕೇತನಗಳಲ್ಲಿಯೂ ನಡೆಯಿತು. ದೂರದೂರದ ಊರುಗಳಲ್ಲಿದ್ದವರು ಒಂದೇ ಕ್ರಮದಲ್ಲಿ ದುಡಿದದ್ದು ಇತಿಕರ್ತವ್ಯತೆಯು ಹಾಳೆಯ ಗೆರೆಗಳಲ್ಲಿಯೇ ಅಡಗಿದ್ದುದರಿಂದ. ಅದಕ್ಕಿಂತ ಮುಖ್ಯವಾದ ಅಂಶ ಇನ್ನೊಂದು. ಮುದ್ರಿತಪಾಠದಲ್ಲಿ ಯಾವ ಭಾಗವು ಪೂರ್ಣನಿಶ್ಚಿತವಲ್ಲವೋ ಅದರ ಕೆಳಗೆ ಅಲೆಯಾಕಾರದ ಗೆರೆಯನ್ನು ಎಳೆದರು; ಬಿಟ್ಟ ಪಾಠಗಳೆಲ್ಲವನ್ನೂ ಪುಟದ ಕೆಳಭಾಗದಲ್ಲಿ ಕೊಟ್ಟರು. ಮುಗಿದ ಕೆಲಸದೊಳಗೇ ಮುಗಿಯದ ಸ್ಥಳವನ್ನು ತೋರಿಸಿದ್ದರಿಂದ, ಆ ಸಂಸ್ಕರಣವನ್ನು ಒಪ್ಪದವರಿಗೂ ಅದು ಉಪಯುಕ್ತವಾಗಿದೆ. ಮೂರು ಪಟ್ಟಿಗಳ ಫಲಕದಲ್ಲಿ ಈ ಅಲೆಗೆರೆಗೆ ಸ್ಥಾನವಿಲ್ಲ. ಕಾರ್ಡು ಕಡೆಯ ಪಟ್ಟಿಯಲ್ಲಿದೆ, ಇಲ್ಲವೇ ಇಲ್ಲ. ಸಂದೇಹದೊಡನೆ ಮುಗಿಯಿತೆಂದು ಹೇಳಬಯಸುವ ಪ್ರಾಮಾಣಿಕನಿಗೆ ಅಲ್ಲಿ ಪದವೇ ಇಲ್ಲ.

ಹಾಗಾದರೆ ಅಂತರ್ಜಾಲದ ಸಾಧನವೇ ಇದಕ್ಕೆ ಅಸಮರ್ಥವೆ? ಅಲ್ಲವೆಂಬುದಕ್ಕೆ ಕನ್ನಡದಲ್ಲಿಯೇ ಉದಾಹರಣೆಯಿದೆ. ಹಳೆಯ ಪುಸ್ತಕಗಳ ಪುಟಚಿತ್ರಗಳನ್ನು ನೋಡಿ ಅಕ್ಷರರೂಪಕ್ಕೆ ತಂದು ತಿದ್ದುವ ಕಾರ್ಯವು ಕನ್ನಡ ವಿಕಿಸೋರ್ಸಿನಲ್ಲಿ ಸ್ವಯಂಸೇವಕರಿಂದ ನಡೆಯುತ್ತಿದೆ. ಅಲ್ಲಿ ಪುಟವೇ ಕಾರ್ಡು. ತಿದ್ದದ ಪುಟಕ್ಕೆ ಕೆಂಪು, ಒಮ್ಮೆ ತಿದ್ದಿದ ಪುಟಕ್ಕೆ ಹಳದಿ, ಮತ್ತೊಮ್ಮೆ ಪರಿಶೀಲಿಸಿ ದೃಢಪಡಿಸಿದ ಪುಟಕ್ಕೆ ಹಸಿರು ಬಣ್ಣ. ಹಳದಿಯನ್ನು ಕೊಟ್ಟವನೇ ಹಸಿರನ್ನು ಕೊಡಲು ತಂತ್ರಾಂಶವು ಬಿಡುವುದಿಲ್ಲ, ಎರಡನೆಯವನೊಬ್ಬನು ಬರಲೇಬೇಕು. ತೊಡಕುಳ್ಳ ಪುಟಗಳಿಗೆ ಬೇರೆಯೇ ಒಂದು ಬಣ್ಣವಿದೆ. ವಸ್ತುವಿನೊಡನೆ ಚೀಟಿ, ಪಡೆಯುವವನ ಅಂಗೀಕಾರ, ಸಂದೇಹದ ಗುರುತು ಈ ಮೂರೂ ಅಲ್ಲಿ ಕೂಡಿವೆ. ಅಂದಚೆಂದದಲ್ಲಿ ಟ್ರೆಲ್ಲೊವಿಗೆ ಸಾಟಿಯಲ್ಲದ ಈ ಏರ್ಪಾಡು ಅರ್ಥದಲ್ಲಿ ಅದಕ್ಕಿಂತ ಮೇಲು.

‘ಪರಿಶೀಲನೆ’ ಎಂಬ ಪಟ್ಟಿಯೊಂದನ್ನು ಟ್ರೆಲ್ಲೊವಿನಲ್ಲಿಯೂ ಸೇರಿಸಬಹುದಲ್ಲವೆ ಎಂದರೆ, ಸೇರಿಸಬಹುದು. ಆದರೆ ಫಲಕದ ಸದಸ್ಯನು ತನ್ನ ಕಾರ್ಡನ್ನು ತಾನೇ ಅದರಾಚೆಗೂ ಎಳೆಯಬಲ್ಲನಾದ್ದರಿಂದ ಅದು ಸಂಪ್ರದಾಯವಾಗುವುದೇ ಹೊರತು ನಿಯಮವಾಗುವುದಿಲ್ಲ. ಜೀರಾದಲ್ಲಿ ಇಂತಹವನೇ ಸರಿಸತಕ್ಕದ್ದೆಂಬ ನಿಬಂಧನೆಯನ್ನು ರಚಿಸಬಹುದು. ಹಾಗೆ ರಚಿಸುವ ವಿವೇಕವು ಬಳಸುವವರಿಂದಲೇ ಬರಬೇಕು.

ಈ ವಿಚಾರದ ಪ್ರಯೋಜನವು ಹೀಗೆ. ವಿದ್ವತ್ಸಂಸ್ಥೆಗಳು ಫಲಕವನ್ನು ಬಳಸುವುದು ಒಳ್ಳೆಯದೇ. ಬಳಸುವಾಗ ಕಾರ್ಡಿನ ತಲೆಬರಹವನ್ನು ಕ್ರಿಯಾಪದವುಳ್ಳ ಪೂರ್ಣವಾಕ್ಯವಾಗಿ ಬರೆಯತಕ್ಕದ್ದು. ಮಾಡುವವನ ಹೆಸರಿನೊಡನೆ ಅದನ್ನು ಪಡೆದು ಒಪ್ಪುವವನ ಹೆಸರನ್ನೂ ಬರೆದು, ಕಡೆಯ ಪಟ್ಟಿಗೆ ಸರಿಸುವ ಅಧಿಕಾರವನ್ನು ಎರಡನೆಯವನಿಗೇ ಕೊಡತಕ್ಕದ್ದು. ‘ಸಂದೇಹಸಹಿತ’ ಎಂಬ ಪಟ್ಟಿಯೊಂದನ್ನು ನಾಚಿಕೆಯಿಲ್ಲದೆ ಇಡತಕ್ಕದ್ದು. ಕೊನೆಯದಾಗಿ, ಸೋಮಯಾಗದ ಹದಿನಾರು ಮಂದಿ ಋತ್ವಿಜರಲ್ಲಿ ಬ್ರಹ್ಮನೆಂಬುವನು ಬಹುಮಟ್ಟಿಗೆ ಮೌನವಾಗಿ ದಕ್ಷಿಣದಲ್ಲಿ ಕುಳಿತು ಉಳಿದವರ ಕರ್ಮವನ್ನು ನೋಡುತ್ತ, ಲೋಪವಾದಲ್ಲಿ ಪ್ರಾಯಶ್ಚಿತ್ತವನ್ನು ನಡೆಸುವಂತೆ, ತನ್ನ ಹೆಸರಿಗೆ ಬೇರೊಂದು ಕಾರ್ಡೂ ಇಲ್ಲದೆ ಎಲ್ಲ ಕಾರ್ಡುಗಳನ್ನೂ ಓದುವವನೊಬ್ಬನು ಇರತಕ್ಕದ್ದು. ಫಲಕವನ್ನು ಮಾತ್ರ ಎಣಿಸುವವರ ಲೆಕ್ಕದಲ್ಲಿ ಅವನು ಏನೂ ಮಾಡದವನಾಗಿ ಕಾಣುವನು.

ನಿಘಂಟಿನಲ್ಲಿ ತಪ್ಪಾಗಿ ಮುಗಿದ ಒಂದು ಅರ್ಥವನ್ನು, ಸಂಪಾದನೆಯಲ್ಲಿ ತಪ್ಪಾಗಿ ಮುಗಿದ ಒಂದು ಪಾಠವನ್ನು ಮುಂದಿನವರು ಪ್ರಮಾಣವೆಂದೇ ಎತ್ತಿಕೊಳ್ಳುವರು. ಅಂತರ್ಜಾಲಕ್ಕೆ ಏರಿದ ಮೇಲಂತೂ ಅದರ ಪ್ರತಿಗಳನ್ನು ಹಿಂದಕ್ಕೆ ಕರೆಯುವುದು ಯಾರಿಂದಲೂ ಆಗದು. ಆದ್ದರಿಂದ ‘ಮುಗಿಯಿತು’ ಎಂಬ ಪದವನ್ನು ಮಾಡಿದವನ ಬಾಯಿಂದ ತೆಗೆದು ಪಡೆದವನ ಬಾಯಲ್ಲಿ ಇಡುವುದು ಶಿಷ್ಟಾಚಾರದ ಮಾತಲ್ಲ. ವಿದ್ಯೆಯ ರಕ್ಷಣೆಗೆ ಅದು ಅವಶ್ಯವಾದ ಅಂಗವೆಂದು ಸಿದ್ಧವಾಯಿತು.