ಶೋಕೇಸಿನಲ್ಲಿ ಸಿಕ್ಕಿಕೊಂಡ ಭಾವಗೀತೆ

ನಮ್ಮ ಹಾಲ್‌ಗಳಲ್ಲಿ ಸ್ಪೀಕರ್ ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡೋದು ಕಾರ್ಪೆಂಟರ್. ಟಿವಿ ಯೂನಿಟ್‌ನ ಎಡಕ್ಕೊಂದು, ಬಲಕ್ಕೊಂದು ಗೂಡು ಬಿಟ್ಟಿರ್ತಾರೆ. ನಾವು 15 ಸಾವಿರ ಕೊಟ್ಟು ತಂದ ಪೆಟ್ಟಿಗೆಗಳನ್ನ ಅದರೊಳಗೆ ತುರುಕಿ, ಮೇಲೊಂದು ಗಣಪತಿ ಇಟ್ಟು, 'ಯಾಕೋ ಗುಂಯ್ ಅನ್ನುತ್ತಲ್ಲ' ಅಂತ ಕಂಪನಿಯನ್ನ ಬೈತೀವಿ. 'ಬುಕ್‌ಶೆಲ್ಫ್ ಸ್ಪೀಕರ್' ಅನ್ನೋ ಹೆಸರೇ ಅರ್ಧ ದಾರಿ ತಪ್ಪಿಸುತ್ತೆ. ಅದು ಗಾತ್ರದ ಹೆಸರು, ಜಾಗದ ಹೆಸರಲ್ಲ.

ಕಳೆದ ಒಂದು ವರ್ಷ, ವೀಕೆಂಡ್‌ಗೆ ಊರ ಕಡೆ ಹೋದಾಗಲೆಲ್ಲ ಮಂಡ್ಯ ಜಿಲ್ಲೆಯ ನಾಲ್ಕು ಮನೆಗಳಲ್ಲಿ ಒಂದೇ ಹಾಡುಗಳನ್ನ ಹಾಕಿಸಿ ಕೇಳಿದೆ: ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯ ಕವಿತೆಗಳು, ಸಿ. ಅಶ್ವತ್ಥ್ ಸಂಯೋಜನೆಯಲ್ಲಿ. ಪುಸ್ತಕ ಬಂದಿದ್ದು 1942ರಲ್ಲಿ. ಕವಿ ಹುಟ್ಟಿದ್ದು 1915ರಲ್ಲಿ, ಇದೇ ಸೀಮೆಯ ಕಿಕ್ಕೇರಿಯಲ್ಲಿ. ಊರಭಿಮಾನ ಇದ್ದದ್ದೇ, ಆದರೆ ಇನ್ನೊಂದು ಕಾರಣವೂ ಇದೆ. ಐಟಂ ಸಾಂಗ್‌ನಲ್ಲಿ ಮಾತು ಮುಳುಗಿದರೂ ಕುಣಿಯಬಹುದು. ಭಾವಗೀತೆಯಲ್ಲಿ ಮಾತು ಮುಳುಗಿದರೆ ಕೇಳೋಕೆ ಏನು ಉಳೀತು?

ಪಾಂಡವಪುರದ ಗೆಳೆಯನಿಗೆ ವರ್ಕ್ ಫ್ರಮ್ ಹೋಮ್. ಸ್ಪೀಕರ್‌ಗಳು ಮಾನಿಟರ್‌ನ ಹಿಂದೆ, ಮೇಜಿನ ಮೇಲೆ ಮಲಗಿದ್ದವು. ನೇರವಾಗಿ ಬರೋ ದನಿಯ ಜೊತೆ ಮೇಜಿಗೆ ಬಡಿದು ಬರೋ ದನಿ ಚೂರು ತಡವಾಗಿ ಸೇರಿ ಕಲಸಿಹೋಗುತ್ತೆ. ಅವನ್ನ ಎಬ್ಬಿಸಿ ನಿಲ್ಲಿಸಿ, ಮೇಜಿನ ಮುಂದಿನ ಅಂಚಿಗೆ ಎಳೆದು, ಅಡಿಗೆ ದಪ್ಪ ಪುಸ್ತಕ ಕೊಟ್ಟು ಟ್ವೀಟರ್ ಕಿವಿಯ ಮಟ್ಟಕ್ಕೆ ತಂದೆವು. ಹಾಡು ಬಿಡಿಸಿಕೊಂಡು ಬಂತು. ಖರ್ಚು ಸೊನ್ನೆ.

ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಡಿಗೆ ಮನೆಯಲ್ಲಿ ಇದರ ಉಲ್ಟಾ. 'ಗೋಡೆಯಿಂದ ದೂರ ಇಟ್ಟಷ್ಟೂ ಒಳ್ಳೇದು' ಅನ್ನೋ ಉಪದೇಶ ನಂಬಿ ಕಸಿನ್ ಸರಿಯಾಗಿ ಒಂದು ಮೀಟರ್ ಮುಂದೆ ಇಟ್ಟಿದ್ದ. ತಬಲದ ಡಗ್ಗಾ ಸೊರಗಿತ್ತು. ಹಿಂದಕ್ಕೆ ಹೋದ ದನಿ ಗೋಡೆ ಮುಟ್ಟಿ ಬರೋಕೆ ಎರಡು ಮೀಟರ್ ಹೆಚ್ಚು ಓಡಬೇಕು. ಸುಮಾರು 86 ಹರ್ಟ್ಸ್‌ನಲ್ಲಿ ಅದು ಅರ್ಧ ಅಲೆಯಷ್ಟು ಹಿಂದೆ ಬಿದ್ದು, ಮುಂದಿನ ದನಿಯನ್ನೇ ಕಳೆದುಹಾಕುತ್ತೆ. 30 ಸೆಂ.ಮೀ.ಗೆ ತಂದರೆ ಆ ಹಳ್ಳ 286 ಹರ್ಟ್ಸ್ ಹತ್ತಿರ ಸರಿಯುತ್ತೆ. ಮಾಯವಾಗಲ್ಲ, ಆದರೆ ಬೇಸ್‌ಗೆ ಗೋಡೆಯ ಬೆಂಬಲ ವಾಪಸ್ ಸಿಗುತ್ತೆ.

ನಾಗಮಂಗಲದ ತೊಟ್ಟಿ ಮನೆಯಲ್ಲಿ ಸ್ಪೀಕರ್‌ಗಳು ಗೋಡೆಗೇ ಒರಗಿ ಮರದ ಬೆಂಚಿನ ಮೇಲಿದ್ದವು. ಪುಸ್ತಕದ ಲೆಕ್ಕದಲ್ಲಿ ಗುಂಯ್ ಅನ್ನಬೇಕು. ಅನ್ನಲಿಲ್ಲ. ತೊಟ್ಟಿಯ ಮೇಲೆ ಆಕಾಶ, ಅಲ್ಲಿಗೆ ಹೋದ ಬೇಸ್ ವಾಪಸ್ ಬರಲ್ಲ. ನಿಯಮ ಕೋಣೆಯಿಂದ ಕೋಣೆಗೆ ಬದಲಾಗುತ್ತೆ ಅನ್ನೋದನ್ನ ರೆಡಿಮೇಡ್ ಸಲಹೆಗಳು ಹೇಳೋದೇ ಇಲ್ಲ. ಅಮೆರಿಕದ ಮನೆಗಳ ಜಿಪ್ಸಮ್ ಬೋರ್ಡ್ ಗೋಡೆ ಬೇಸನ್ನ ಒಂದಿಷ್ಟು ಹೀರುತ್ತೆ, ಒಂದಿಷ್ಟು ಹೊರಗೆ ಬಿಡುತ್ತೆ. ನಮ್ಮ ಇಟ್ಟಿಗೆ, ಆರ್‌ಸಿಸಿ ಹಿಡಿದಿಟ್ಟುಕೊಳ್ಳುತ್ತೆ. ಅಲ್ಲಿನ ಅಳತೆ ಇಲ್ಲಿಗೆ ಹೇಗೆ ಹೊಂದುತ್ತೆ?

ಕೊನೆಯದು ಕೆ.ಆರ್. ಪೇಟೆ, ನಮ್ಮ ದೊಡ್ಡತ್ತೆಯ ಮನೆ. ವಯಸ್ಸು ಎಂಬತ್ತರ ಹತ್ತಿರ, 'ಮೈಸೂರು ಮಲ್ಲಿಗೆ' ಬಾಯಿಪಾಠ. ಮಗ ಹೊಸದಾಗಿ ಕಟ್ಟಿಸಿದ ಡ್ಯೂಪ್ಲೆಕ್ಸ್: 12ಕ್ಕೆ 12 ಅಡಿ ಹಾಲ್, ವಿಟ್ರಿಫೈಡ್ ಟೈಲ್ಸ್, ಗಾಜಿನ ಶೋಕೇಸ್, ಎರಡು ಮೂಲೆಯ ಗೂಡುಗಳಲ್ಲಿ ಸ್ಪೀಕರ್. ಅಶ್ವತ್ಥ್ ನೀರಿನ ಸಂಪಿನೊಳಗೆ ನಿಂತು ಹಾಡಿದ ಹಾಗಿತ್ತು. 'ಹಾಡು ಕೇಳುಸ್ತದೆ ಕಣಪ್ಪ, ಮಾತು ಕೇಳುಸಾಕಿಲ್ಲ' ಅಂದರು ಅತ್ತೆ. ಅವರ ಕಿವಿ ಹೋಯ್ತು ಅಂತ ಮನೆಯವರು ಆಗಲೇ ತೀರ್ಮಾನ ಮಾಡಿ, ಅವರ ಜೊತೆ ಮಾತಾಡೋದನ್ನೇ ಕಮ್ಮಿ ಮಾಡಿದ್ದರು.

ಆದರೆ ಆ ಹಾಲ್‌ನಲ್ಲಿ ನನಗೂ ಅರ್ಧ ಸಾಲು ಸಿಗಲಿಲ್ಲ. 100 ಹರ್ಟ್ಸ್‌ನ ಅಲೆ ಸುಮಾರು 3.4 ಮೀಟರ್ ಉದ್ದ. ಪುಟ್ಟ ಪೆಟ್ಟಿಗೆ ಅದನ್ನ ಮುಂದಕ್ಕಷ್ಟೇ ಕಳಿಸೋಕೆ ಆಗಲ್ಲ, ಅದು ಸುತ್ತಲೂ ಹರಡುತ್ತೆ. ಹಿಂದೆ ಗೋಡೆ ಅಂಟಿಕೊಂಡಿದ್ದರೆ ಬೇಸ್ 6 ಡೆಸಿಬಲ್‌ವರೆಗೆ ಏರುತ್ತೆ, ಮೂಲೆಯಲ್ಲಿ ಇನ್ನೂ ಜಾಸ್ತಿ. ಚೌಕದ ಕೋಣೆಯಲ್ಲಿ ಉದ್ದ, ಅಗಲ ಎರಡೂ ಒಂದೇ 47 ಹರ್ಟ್ಸ್ ಸುತ್ತ ಮೊರೆಯುತ್ತವೆ. ತ, ಪ, ಸ ಮುಂತಾದ ವ್ಯಂಜನಗಳ ಸ್ಪಷ್ಟತೆ ಬಹುಪಾಲು ಇರೋದು 2,000 ಹರ್ಟ್ಸ್‌ನಿಂದ ಮೇಲೆ. ಅವು ಈ ಮೊರೆತದಲ್ಲಿ ಮುಚ್ಚಿಹೋಗ್ತವೆ.

ಗೂಡಿಂದ ತೆಗೆದು ಎರಡು ಸ್ಟೂಲ್ ಮೇಲೆ, ಹಿಂದಿನ ಗೋಡೆಯಿಂದ ಒಂದಡಿ, ಪಕ್ಕದ ಗೋಡೆಯಿಂದ ಎರಡಡಿ ಬಿಟ್ಟು ಇಟ್ಟೆವು. ಮುಂದೆ ಒಂದು ಜಮಖಾನೆ ಹಾಸಿದೆವು. ಎರಡನೇ ಚರಣಕ್ಕೆ ಅತ್ತೆ ಗಾಯಕರಿಗಿಂತ ಅರ್ಧ ಸಾಲು ಮುಂದಿದ್ದರು. ಕಿವಿ ಪರೀಕ್ಷೆ ಬೇಡ ಅಂತಲ್ಲ, ಮಾಡಿಸಲಿ. ಹಾಲ್‌ನ ಪರೀಕ್ಷೆಯೂ ಆಗಲಿ ಅಂತ ಅಷ್ಟೆ.

ಸ್ಟೂಲ್ ಕಾಲಿಗೆ ಸಿಗುತ್ತೆ, ಮಗು ವೈರ್ ಎಳೆಯುತ್ತೆ ಅನ್ನೋ ಸೊಸೆಯ ತಕರಾರೂ ನ್ಯಾಯವಾದದ್ದೇ. ಶೆಲ್ಫ್‌ನಲ್ಲೇ ಇಡಬೇಕು ಅಂದರೆ ಮುಂದಿನ ಅಂಚಿನವರೆಗೂ ಎಳೆಯಿರಿ. ಪೆಟ್ಟಿಗೆಯ ಹಿಂಬದಿ ತೂತಿದ್ದರೆ ಸ್ಪಂಜ್ ತುರುಕಿ. ಬೇಸ್ ತಗ್ಗಿಸಿ. 1970ರ ದಶಕದಲ್ಲಿ ಬಿಬಿಸಿ ತನ್ನ ಇಕ್ಕಟ್ಟಾದ ಹೊರಾಂಗಣ ಪ್ರಸಾರದ ವ್ಯಾನ್‌ಗಳಿಗೆ ರೂಪಿಸಿದ ಎಲ್‌ಎಸ್ 3/5ಎ ಅನ್ನೋ ಪುಟ್ಟ ಸ್ಪೀಕರ್ ಇವತ್ತಿಗೂ ಹೆಸರುವಾಸಿ. ಅದರ ಬೇಸ್ ಮಿತ, ಮನುಷ್ಯನ ದನಿ ಮಾತ್ರ ನಿಚ್ಚಳ.

ಇನ್ನೂ ಮನೆ ಕಟ್ಟಿಸ್ತಾ ಇರೋರು ಕಾರ್ಪೆಂಟರ್ ಟೇಪು ಬಿಚ್ಚೋ ಮುಂಚೆಯೇ ಹೇಳಿಬಿಡಿ: ಗೂಡು ಬೇಡ, ತೆರೆದ ಹಲಗೆ ಸಾಕು.