ಐಸು ಕರಗಿದ ಮೇಲೆ ಹುಟ್ಟಿದ ಹಾಡು

ಹಾಯಿದೋಣಿಯ ಮೇಲೆ ಗಿಟಾರನ್ನು ಬದುಕಿಸಿಕೊಳ್ಳುವುದು ಹೇಗೆ ಎಂದು ಈ ವಾರ ಬರೆಯುವುದಾಗಿ ಅಂಕಣಕಾರ ಹೋದ ವಾರ ಮಾತು ಕೊಟ್ಟಿದ್ದ. ಮಾತು ಪೂರ್ತಿ ತಪ್ಪುವುದಿಲ್ಲ, ನಡುವೆ ನಾಲ್ಕು ಸಾಲು ಬರುತ್ತದೆ. ಆದರೆ ಬರೆಯಲು ಕೂತಾಗ ಅಮೆರಿಕದ ಗಾಯಕ ಜಿಮ್ಮಿ ಬಫೆಟ್‌ನ ಚೀಸ್‌ಬರ್ಗರ್ ಹಾಡು ಕಿವಿಗೆ ಹೊಕ್ಕು ಕೂತಿತು. ಅದು ತಿರುಗಿದ ಕಡೆಗೇ ಈ ವಾರದ ಚುಕ್ಕಾಣಿ.

1978ರಲ್ಲಿ ಬಂದ ‘ಚೀಸ್‌ಬರ್ಗರ್ ಇನ್ ಪ್ಯಾರಡೈಸ್’ ಕೇಳಿದವರು ಅದನ್ನು ಹೊಟ್ಟೆಬಾಕನ ಹಾಡು ಅಂದುಕೊಳ್ಳುತ್ತಾರೆ. ಅದು ಹಸಿದವನ ಹಾಡು. ಬಫೆಟ್ ತನ್ನ ಮೊದಲ ದೋಣಿ ‘ಯುಫೋರಿಯಾ’ದಲ್ಲಿ ಹಿಸ್ಪಾನಿಯೋಲಾ ಮತ್ತು ಪೋರ್ಟೊರಿಕೊ ನಡುವಿನ ಮೋನಾ ಜಲಸಂಧಿ ದಾಟುವಾಗ ಕಡಲು ಕೆರಳಿತು. ಹೊಸ ಬೌಸ್ಪ್ರಿಟ್, ಅಂದರೆ ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿಕೊಂಡ ಕಂಬ, ಮುರಿದುಹೋಯಿತು. ಪೆಟ್ಟಿಗೆಯಲ್ಲಿದ್ದ ಐಸೆಲ್ಲ ನೀರಾಯಿತು. ಆಮೇಲೆ ಹೊತ್ತು ಹೊತ್ತಿಗೂ ಡಬ್ಬಿಯ ಊಟ, ಕಡಲೆಕಾಯಿ ಬೆಣ್ಣೆ. ಹಬೆಯಾಡುವ ಚೀಸ್‌ಬರ್ಗರ್ ಮಾತ್ರ ಮನಸ್ಸಿನಿಂದ ಕದಲಲೊಲ್ಲದು. ದೋಣಿ ಕುಂಟುತ್ತ ಟಾರ್ಟೋಲಾ ದ್ವೀಪದ ರೋಡ್‌ಟೌನ್ ಸೇರಿದಾಗ ಅಲ್ಲಿನ ಮೆನುವಿನಲ್ಲಿ ಅದೇ ಹೆಸರು! ಬಂದ ಬರ್ಗರ್ ಅತಿಯಾಗಿ ಬೆಂದಿತ್ತು, ಬನ್ನು ಸೀದಿತ್ತು ಎಂದು ಆತನೇ ಹೇಳಿಕೊಂಡಿದ್ದಾನೆ. ಅವತ್ತಿಗೆ ಅದೇ ಅಮೃತ.

ಖಾಯಂ ಓದುಗರಿಗೆ ಅಂಕಣಕಾರನ ಹಳೇ ರಾಗ ಗೊತ್ತು. ದೋಣಿಯಲ್ಲಿ ಏನಾದರೊಂದು ಕೆಟ್ಟರೇನೇ ಹಾಡು. ಸೂರ್ಯಾಸ್ತದಿಂದ ಫೋಟೊ ಹುಟ್ಟುತ್ತದೆ, ಅಷ್ಟೇ.

ಈ ಮಾತನ್ನು ಒಪ್ಪದ ಒಂದು ದೊಡ್ಡ ಪಂಥವೇ ಇದೆ. ಅವರು ತಮ್ಮನ್ನು ‘ಟ್ರಾಪ್ ರಾಕ್’ ಎಂದು ಕರೆದುಕೊಳ್ಳುತ್ತಾರೆ. ಇಲ್ಲಿ ಅವರಿಗೆ ಬೀಚ್ ಕುರ್ಚಿ ಪಂಥ ಎಂದೇ ಹೆಸರು. ತೆಂಗಿನಮರ, ರಮ್ಮು, ಕಾಲ್ಬೆರಳ ಸಂದಿಯ ಮರಳು, ಮರೆತುಹೋದ ಕೈಗಡಿಯಾರ, ಇಷ್ಟನ್ನು ಕಲಸಿದರೆ ಹಾಡು ತಯಾರು. ದೋಣಿ ಇದ್ದರೂ ದೂರದಲ್ಲಿ, ಪರದೆಯ ಮೇಲೆ ಬರೆದ ಚಿತ್ರದ ಹಾಗೆ ನಿಂತಿರುತ್ತದೆ. ಇವರ ಕುಲದೇವರೂ ಬಫೆಟ್ಟೇ ಎಂಬುದು ತಮಾಷೆ. ಆದರೆ ಅವರು ಪೂಜಿಸುವುದು 1977ರ ‘ಮಾರ್ಗರಿಟಾವಿಲ್’ ಬಫೆಟ್‌ನನ್ನು. ಆ ಹಾಡು ಶುರುವಾದದ್ದು ಸಮುದ್ರದಿಂದ ಬಲು ದೂರದ ಟೆಕ್ಸಾಸಿನ ಆಸ್ಟಿನ್‌ನಲ್ಲಿ, ಮುಗಿದದ್ದು ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ. ಅಮೆರಿಕದ ಪಟ್ಟಿಯಲ್ಲಿ 8ನೇ ಸ್ಥಾನ ಮುಟ್ಟಿತು, ಮುಂದೆ ಹೋಟೆಲಾಯಿತು, ರೆಸಾರ್ಟಾಯಿತು, ಕೊನೆಗೆ ವಿಹಾರದ ಹಡಗೂ ಆಯಿತು. ಇಷ್ಟೆಲ್ಲ ಆದ ಹಾಡಿನೊಳಗೆ ಹಾಯಿ ಎಳೆದ ಕೈಯೊಂದೂ ಇಲ್ಲ.

ಕಂಟ್ರಿ ಗಾಯಕ ಕೆನಿ ಚೆಸ್ನಿಯ ವಿಷಯದಲ್ಲಿ ಮಾತ್ರ ಅಂಕಣಕಾರ ಸ್ವಲ್ಪ ಮೆತ್ತಗಾಗಿದ್ದಾನೆ. 2005ರ ಅವನ ಆಲ್ಬಮ್ಮಿನ ಉಪಶೀರ್ಷಿಕೆಯಲ್ಲೇ ಹಳೆಯದೊಂದು ನೀಲಿ ಕುರ್ಚಿ ಇತ್ತು. ಇದಕ್ಕಿಂತ ಸಾಕ್ಷಿ ಬೇಕೆ? ಆದರೆ 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ವರ್ಜಿನ್ ದ್ವೀಪಗಳನ್ನು ಬಡಿದು, ಸೇಂಟ್ ಜಾನ್ ದ್ವೀಪದಲ್ಲಿದ್ದ ಅವನ ಮನೆಯನ್ನೂ ಕೆಡವಿತು. ಮರುವರ್ಷ ‘ಸಾಂಗ್ಸ್ ಫಾರ್ ದಿ ಸೇಂಟ್ಸ್’ ಬಂತು. ಅವನ ದ್ವೀಪದ ಹಾಡುಗಳಲ್ಲಿ ಅದೇ ಮೇಲು.

ಇನ್ನು ಗಿಟಾರು. ಉಕ್ಕಿನ ತಂತಿಗೆ ಉಪ್ಪುಗಾಳಿ ಶತ್ರು, ಬೇಗ ತುಕ್ಕು ಹಿಡಿಯುತ್ತದೆ. ಮರದ ಗಿಟಾರಿನ ಅಂಟನ್ನು ಬಿಸಿಲೇರಿದ ಕ್ಯಾಬಿನ್ನು ಸಡಿಲಿಸುತ್ತದೆ. ಅದಕ್ಕೇ ಈಗ ಕಾರ್ಬನ್ ಫೈಬರಿನ ಗಿಟಾರುಗಳು ದೋಣಿ ಹತ್ತಿವೆ. ದನಿ ತುಸು ಒಣ, ಆಯುಷ್ಯ ಗಟ್ಟಿ. ಮಾತು ಮುಗಿಯಿತು.

ವಾದ್ಯಕ್ಕಿಂತ ದೊಡ್ಡ ವಿಷಯ ದೋಣಿಯೇ ಹಾಕುವ ತಾಳ. ರಾತ್ರಿ ಲಂಗರು ಹಾಕಿ ಮಲಗಿದರೆ ಹಾಯಿ ಏರಿಸುವ ಹಗ್ಗ ಲೋಹದ ಕಂಬಕ್ಕೆ ಟಣ್ ಟಣ್ ಬಡಿಯುತ್ತದೆ. ಎದ್ದು ಹೋಗಿ ಅದನ್ನು ಬಿಗಿಯಾಗಿ ಕಟ್ಟದವರಿಗೆ ನಿದ್ದೆಯಿಲ್ಲ. ಕಟ್ಟಿ ಬಂದು ದಿಂಬಿಗೆ ತಲೆಯಿಟ್ಟರೆ ದೋಣಿಯ ತಳದಿಂದ ಸಾಸಿವೆ ಒಗ್ಗರಣೆ ಸಿಡಿದಂಥ ಚಟಪಟ. ಕೆಳಗಿನ ನೀರಿನಲ್ಲಿ ಚಿಟಿಕೆ ಹೊಡೆಯುವ ಪುಟಾಣಿ ಸೀಗಡಿಗಳ ಸದ್ದು ಅದು. ಹಗಲಿನ ತಾಳ ಬೇರೆ. ವಾಣಿಜ್ಯ ಮಾರುತ ಪೂರ್ವದಿಂದ ಬೀಸುತ್ತದೆ, ಕೆರಿಬಿಯನ್ನಿನ ಪೂರ್ವದಂಚಿನ ಸಣ್ಣ ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ ಮಾಲೆಯಾಗಿ ಬಿದ್ದಿವೆ. ದ್ವೀಪದ ಮರೆಯಲ್ಲಿ ಗಾಳಿ ಸತ್ತು ಹಾಯಿ ಜೋಲುತ್ತದೆ. ದ್ವೀಪದ ತುದಿ ದಾಟಿ ಎರಡು ದ್ವೀಪಗಳ ನಡುವಿನ ಕಾಲುವೆಗೆ ಇಳಿದರೆ ಅಟ್ಲಾಂಟಿಕ್‌ನ ಅಲೆಯೂ ಗಾಳಿಯೂ ಒಟ್ಟಿಗೆ ಮೇಲೆ ಬೀಳುತ್ತವೆ. ಪೆನ್ನು ಹಿಡಿಯಲು ಸಾಧ್ಯವಾಗುವುದು ಮರೆಯಲ್ಲಿ, ಬರೆಯಲು ಏನಾದರೂ ಸಿಗುವುದು ಕಾಲುವೆಯಲ್ಲಿ.

ಗಾಯಕ ಡೇವಿಡ್ ಕ್ರಾಸ್ಬಿಯ ‘ಮಾಯನ್’ ದೋಣಿಯನ್ನು ಇಲ್ಲಿ ನೆನೆಯಬೇಕು. 1947ರಲ್ಲಿ ಬೆಲೀಜಿನಲ್ಲಿ ಕಟ್ಟಿದ ಮರದ ಸ್ಕೂನರ್ ಅದು. 1968ರಲ್ಲಿ ಫ್ಲಾರಿಡಾದಲ್ಲಿ ಅದರ ಮೇಲೆ ಕೂತು ಕ್ರಾಸ್ಬಿ, ಪಾಲ್ ಕ್ಯಾಂಟ್ನರ್, ಸ್ಟೀಫನ್ ಸ್ಟಿಲ್ಸ್ ಮೂವರೂ ಸೇರಿ ‘ವುಡನ್ ಶಿಪ್ಸ್’ ಬರೆದರು. ಕಣ್ಣೆದುರು ಬಿಸಿಲು, ನೀಲಿ ನೀರು. ಬರೆದದ್ದು ಅಣುಯುದ್ಧದಲ್ಲಿ ಬದುಕುಳಿದವರ ಬಗ್ಗೆ.

ಆದರೆ ಈ ಜಾತಿಯ ಹಾಡಿಗೆಲ್ಲ ಅಜ್ಜನಾದ ಹಾಡು ಬಹಾಮಾಸಿನ ನಸ್ಸಾವಿನದು. ಬಹಾಮಾಸ್ ಇರುವುದು ಅಟ್ಲಾಂಟಿಕ್‌ನಲ್ಲಿ, ಕೆರಿಬಿಯನ್ ಸಮುದ್ರದಲ್ಲಲ್ಲ ಎಂದು ಭೂಗೋಳದ ಮೇಷ್ಟ್ರುಗಳು ಕೈಯೆತ್ತುವ ಮೊದಲೇ ಹೇಳಿಬಿಡುವುದು ಮೇಲು: ಒಪ್ಪಿದೆ, ಕೂತುಕೊಳ್ಳಿ. ‘ಜಾನ್ ಬಿ.’ ಎಂಬ ಒಂಟಿಕಂಬದ ದೋಣಿಯ ಈ ಹಾಡಿನಲ್ಲಿ ಆಗುವುದೆಲ್ಲ ಎಡವಟ್ಟೇ. ಅಜ್ಜ ಮೊಮ್ಮಗ ದೋಣಿ ಹತ್ತುತ್ತಾರೆ. ರಾತ್ರಿಯಿಡೀ ಕುಡಿತ, ಆಮೇಲೆ ಹೊಡೆದಾಟ. ಅಮಲೇರಿದ ಅಧಿಕಾರಿ ಇನ್ನೊಬ್ಬರ ಪೆಟ್ಟಿಗೆ ಒಡೆಯುತ್ತಾನೆ, ಪೊಲೀಸರು ಬರುತ್ತಾರೆ. ಅಡುಗೆಯವನಿಗೆ ತಲೆ ಕೆಟ್ಟು ಊಟವೆಲ್ಲ ಹಾಳು. ಹಾಡುವವನಿಗೆ ಬೇಕಾದದ್ದು ಒಂದೇ, ಹಾಯಿ ಏರಿಸಿ ಮನೆಗೆ ಬಿಡಿ ಎನ್ನುತ್ತಾನೆ. ಸಮುದ್ರ ಸುಂದರವಾಗಿತ್ತು ಎಂಬ ಮಾತು ಎಲ್ಲಿಯೂ ಇಲ್ಲ.

ಈ ಹಾಡನ್ನು ಲೇಖಕ ರಿಚರ್ಡ್ ಲೆ ಗ್ಯಾಲಿಯನ್ 1916ರಲ್ಲಿ ಅಚ್ಚಿಗೆ ತಂದ. ಕವಿ ಕಾರ್ಲ್ ಸ್ಯಾಂಡ್‌ಬರ್ಗ್ 1927ರ ‘ಅಮೆರಿಕನ್ ಸಾಂಗ್‌ಬ್ಯಾಗ್’ನಲ್ಲಿ ಸೇರಿಸಿಕೊಂಡ. ಅವನಿಗೆ ಇದನ್ನು ಕೊಟ್ಟವರು ನಸ್ಸಾವಿನ ಬಳಿ ದ್ವೀಪವೊಂದನ್ನು ಹೊಂದಿದ್ದ ಷಿಕಾಗೋದ ವ್ಯಂಗ್ಯಚಿತ್ರಕಾರ ಜಾನ್ ಮೆಕಚನ್ ದಂಪತಿ. ಗವರ್ನರ್ಸ್ ಹಾರ್ಬರ್‌ನ ಮರಳಿನಲ್ಲಿ ಹೂತಿದ್ದ ದೋಣಿಯ ಅಸ್ಥಿಪಂಜರದಿಂದ 1926ರಲ್ಲಿ ಮೊಣಕಾಲಿನಂತೆ ಬಾಗಿದ ಒಂದು ಆಧಾರದ ಮರವನ್ನೂ ಉಂಗುರದ ಬೋಲ್ಟನ್ನೂ ತೆಗೆಸಿ, ತಮ್ಮ ದ್ವೀಪದ ಗೋಪುರದ ಗೋಡೆಯಲ್ಲಿ ಸೇರಿಸಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಹಾಡಿಗಾಗಿ ದೋಣಿಯ ಎಲುಬು ಹೆಕ್ಕಿದವರು! 1958ರಲ್ಲಿ ಕಿಂಗ್‌ಸ್ಟನ್ ಟ್ರಿಯೊ ಹಾಡಿತು. ಅದನ್ನು ಕೇಳಿ ಬೆಳೆದ, ಬೀಚ್ ಬಾಯ್ಸ್ ತಂಡದ ಅಲ್ ಜಾರ್ಡಿನ್ ತನ್ನ ಜೊತೆಗಾರ ಬ್ರಯನ್ ವಿಲ್ಸನ್‌ನ ತಲೆಗೆ ತುಂಬಿದ. 1966ರಲ್ಲಿ ಬೀಚ್ ಬಾಯ್ಸ್‌ನ ಹಾಡು ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಕೇಳಲು ಅದು ಬೆಣ್ಣೆ, ಅಂಕಣಕಾರನದೇನೂ ತಕರಾರಿಲ್ಲ. ಆದರೆ ಕುಡಿದು ಕೆಟ್ಟ ಆ ರಾತ್ರಿಯ ವಾಸನೆಯನ್ನು ಅವರು ಚೆನ್ನಾಗಿ ತೊಳೆದುಬಿಟ್ಟಿದ್ದಾರೆ.

ವಾಸನೆ ಉಳಿದಿರುವುದು ದ್ವೀಪದವರ ಗಂಟಲಲ್ಲಿ. ಅವರಿಗೆ ದೋಣಿ ರಜೆಯಲ್ಲ, ಕೂಲಿ. ಜಾನಪದ ವಿದ್ವಾಂಸ ರೋಜರ್ ಅಬ್ರಹಾಮ್ಸ್ 1974ರಲ್ಲಿ ವೆಸ್ಟ್ ಇಂಡೀಸಿನ ಶಾಂಟಿಗಳ, ಅಂದರೆ ದುಡಿಮೆಯ ಹಾಡುಗಳ ಬಗ್ಗೆ ಒಂದು ಸಣ್ಣ ಪುಸ್ತಕ ತಂದ. ನೆವಿಸ್, ಟೊಬೇಗೊ, ತಿಮಿಂಗಿಲ ಬೇಟೆಗೆ ಹೆಸರಾದ ಸೇಂಟ್ ವಿನ್ಸೆಂಟಿನ ಬರೂವಾಲಿ ಊರು, ಎಲ್ಲ ಕಡೆಯೂ ವ್ಯಾಕರಣ ಒಂದೇ: ಒಬ್ಬ ಸೊಲ್ಲು ಎತ್ತುತ್ತಾನೆ, ಉಳಿದವರು ಸೊಲ್ಲು ಕೂಡಿಸಿ ಅದೇ ಉಸಿರಿಗೆ ಹುಟ್ಟು ಹಾಕುತ್ತಾರೆ, ಇಲ್ಲವೇ ಹಗ್ಗ ಜಗ್ಗುತ್ತಾರೆ. ಕೈರಂಪಣಿ ಬಲೆ ಎಳೆದ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸುವುದೇ ಬೇಡ. ತಾಳ ತಪ್ಪಿದರೆ ಭಾರವೆಲ್ಲ ಒಬ್ಬನ ರಟ್ಟೆಗೆ.

ಬೀಚ್ ಬಾಯ್ಸ್ ಗೊತ್ತಿರುವ ಓದುಗರಲ್ಲಿ ಒಂದು ಮನವಿ. ಜಾನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1935ರಲ್ಲಿ ಬಹಾಮಾಸಿನಲ್ಲಿ ಧ್ವನಿಮುದ್ರಿಸಿಕೊಂಡ ಕ್ಲೀವ್‌ಲ್ಯಾಂಡ್ ಸಿಮನ್ಸ್ ತಂಡದ ‘ಜಾನ್ ಬಿ.’ ಹಾಡನ್ನು ಹುಡುಕಿ ಕೇಳಿ. ವಾದ್ಯ ಇಲ್ಲ, ಬರೀ ಗಂಟಲು. ಗಿಟಾರಿನ ತಂತಿಯ ಉಳಿದ ಕತೆ ಮುಂದಿನ ವಾರ.